ಓಟೆಯ ಒಗರು

ಜೂನ್ 9, ಭಾನುವಾರ. ಮಧ್ಯಾಹ್ನ

ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಜಾಗ ಸಾಲದೆ ಕೆಳಗೆ ಕುಳಿತಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ರಸಿಕರೇ, ಇಂದಿನ ಉಪನ್ಯಾಸದ ವಿಷಯ — ಮಾವಿನ ಓಟೆ. ಲೋಕವೆಲ್ಲ ಚೀಪಿ ಎಸೆಯುವುದು, ಎಸೆದದ್ದನ್ನು ನನ್ನ ಹೆಂಡತಿ ಆರಿಸಿ ತರುವುದು, ತಂದದ್ದನ್ನು ನಾನು ಹೊರುವುದು.

ಮೂರನೇ ದಿನ. ಬೆಳಿಗ್ಗೆ, ಕೋಳಿ ಮೇವಿಗೆಂದು ಓಟೆ ನೆನೆಹಾಕಿದ ಡ್ರಮ್ಮಿನಿಂದ ಒಂದು ಒಳಬೀಜ ತೆಗೆದು ಕಚ್ಚಿದೆ. ಒಗರು. ಹೈಮವತಿಗೆ ಹೇಳಿದೆ. "ಹಾಗಾದ್ರೆ ಇನ್ನೊಂದಿನ ನೆನೀಲಿ" ಅಂದಳು. ಮೋಟಾರಿಗೆ ಕರೆಂಟು ಬರುವುದು ಹತ್ತರಿಂದ ಹನ್ನೆರಡು. ಡ್ರಮ್ಮು ಬಗ್ಗಿಸಲು ಇಬ್ಬರು ಬೇಕು. ಬಗ್ಗಿಸಿದೆವು, ತೊಳೆದೆವು, ಹೊಸ ನೀರು ತುಂಬಿಸಿದೆವು. ಅವಳಿಗೆ ಸಹನೆ ಇದೆ. ನನಗೆ ಸೊಂಟ ಇದೆ.

ಬೀಗ ಬೇಡದ ಪುಸ್ತಕ ಇದು. ಆಂಧ್ರದ ಬಂಗಾರುಪಾಳ್ಯದ ಈ ಸುತ್ತಿನಲ್ಲಿ ಕನ್ನಡ ಓದುವವನು ನಾನೊಬ್ಬನೇ. ಹೈಮಾ ಅಕ್ಷರ ಕೂಡಿಸಿ ಮುಳಬಾಗಿಲು ಬಸ್ಸಿನ ಬೋರ್ಡು ಓದುತ್ತಾಳೆ — ತೆಲುಗಿಗೂ ನಮಗೂ ತಲೆಕಟ್ಟಿನ ಜಗಳ ತಾನೆ — ಅದರಾಚೆ ಹೋಗಿಲ್ಲ. ನಾನು ಮನೆಅಳಿಯನಾಗಿ ಬಂದು ಹತ್ತೊಂಬತ್ತು ವರ್ಷ. ಕನ್ನಡ ಮಾಧ್ಯಮದ ಬಿ.ಎ. ಮಾವನವರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ತೂಕ ಹಾಕೋಕೆ ಬರುತ್ತಾ?" ಬಂತು. ಅಂದಿನಿಂದ ಜ್ಯೂಸ್ ಫ್ಯಾಕ್ಟರಿಯ ತೂಕದ ಕಾಟಾದಲ್ಲಿ ಕೂತಿದ್ದೇನೆ. ಒಳಗೆ ಬರುವ ತೋತಾಪುರಿ ಲೋಡು ತೂಗುತ್ತೇನೆ. ಹೊರಗೆ ಹೋಗುವ ಸಿಪ್ಪೆ, ಓಟೆ ತೂಗುತ್ತೇನೆ. ಹತ್ತಿರ ಹತ್ತಿರ ಅರ್ಧ ಹೊರಗೇ ಹೋಗುತ್ತದೆ.

ಹಣ್ಣಿನ ರಸ ಡಬ್ಬಕ್ಕೆ,
ಸಿಪ್ಪೆ ಓಟೆ ದಿಬ್ಬಕ್ಕೆ,
ನೊಣದ ಹಿಂಡು ಹಬ್ಬಕ್ಕೆ.

ಚಪ್ಪಾಳೆ. ಧನ್ಯವಾದ.


ಜೂನ್ 10, ಸೋಮವಾರ

ಒಗರು ಹೋಯಿತು. ಬೀಜ ಈಗ ಬೆಂದ ಕಡಲೆಯಷ್ಟು ಸಪ್ಪೆ. ಕುದಿಸಿ ಮಾಳಿಗೆಯ ಮೇಲೆ ಹರವಿದ್ದಾಳೆ. ಪಕ್ಕದಲ್ಲಿ ಸಿಪ್ಪೆ, ಒಣಗಿ ಚಕ್ಕಳವಾಗಿದೆ.

ಅವಳೇ ಕಚ್ಚಿ ನೋಡಬಹುದಲ್ಲ ಎಂದು ಸಭಿಕರು ಕೇಳಬಹುದು. ನೋಡಲಾರಳು. ಮೂರು ವರ್ಷದ ಹಿಂದಿನ ಕೊರೊನಾ ಜ್ವರ ಅವಳನ್ನು ಬಿಟ್ಟು ಹೋಗುವಾಗ ಮೂಗು, ನಾಲಿಗೆ ಎರಡನ್ನೂ ಎತ್ತಿಕೊಂಡು ಹೋಯಿತು. ಬಿಸಿ ಗೊತ್ತಾಗುತ್ತದೆ, ತಣ್ಣಗೆ ಗೊತ್ತಾಗುತ್ತದೆ. ಉಪ್ಪು, ಹುಳಿ, ಒಗರು — ಇಲ್ಲ. ಮೊದಲ ತಿಂಗಳು ಬೇಳೆಯ ಪಪ್ಪಿಗೆ ಎರಡು ಸಲ ಉಪ್ಪು ಹಾಕಿ ಅತ್ತಿದ್ದಳು. ಅವತ್ತಿನಿಂದ ಒಲೆಯ ಮೇಲಿನದ್ದೆಲ್ಲ ಮೊದಲು ನನ್ನ ಅಂಗೈಗೆ ಒಂದು ಹನಿ. ಪಕ್ಕದ ಮನೆಯ ಕುಪ್ಪಕ್ಕ ಆಡಿಕೊಳ್ಳುತ್ತಾಳೆ: "ಏನಮ್ಮಾಯಿ, ಗಂಡನ್ನ ಚಮಚ ಮಾಡ್ಕೊಂಡುಬಿಟ್ಟಿದ್ದೀಯ." ಹೈಮಾ ಹೇಳಿದಳು: "ಚಮಚ ಅಲ್ಲ ಅಕ್ಕಾ. ನಮ್ಮನೇಲಿ ಇರೋದೇ ಒಂದು ನಾಲಿಗೆ. ಅವರ ಬಾಯಲ್ಲಿ ಇಟ್ಟಿದ್ದೀನಿ."


ಜೂನ್ 16, ಭಾನುವಾರ

ದನದ ಆಸ್ಪತ್ರೆಯ ಡಾಕ್ಟರಮ್ಮ ಕೃಷ್ಣವೇಣಿ ನಮ್ಮ ಕೋಳಿ ಶೆಡ್ಡು ನೋಡಲು ಬಂದಿದ್ದರು. ಹೈಮಾ ತನ್ನ ನೋಟ್‌ಬುಕ್ ತೋರಿಸಿದಳು. ಮುಸುಕಿನ ಜೋಳ ಎಷ್ಟು ಕಡಿಮೆ ಮಾಡಬೇಕು, ಆ ಜಾಗಕ್ಕೆ ಓಟೆ ಹಿಟ್ಟು, ಸಿಪ್ಪೆ ಪುಡಿ ಎಷ್ಟು, ಮರಿಗೆ ಎಷ್ಟನೇ ದಿನದಿಂದ. ಕೆಂಪು ಗೆರೆ, ನೀಲಿ ಗೆರೆ. ಡಾಕ್ಟರಮ್ಮ ಪುಟ ತಿರುವುತ್ತಾ ತಿರುವುತ್ತಾ ಕನ್ನಡಕ ತೆಗೆದರು.

"ಏನಮ್ಮಾ ಓದಿದ್ದೀಯ?"

"ಇಂಟರ್, ಮೇಡಂ. ಬೈಪಿಸಿ." ನಮ್ಮ ಕಡೆಯ ಪಿಯುಸಿ, ಜೀವಶಾಸ್ತ್ರ.

"ಆಮೇಲೆ?"

ಹೈಮಾ ನನ್ನ ಕಡೆ ಕೈ ತೋರಿಸಿದಳು. "ಆಮೇಲೆ ಇವರು."

ಇಬ್ಬರೂ ನಕ್ಕರು. ನಾನೂ ನಕ್ಕೆ. ಅವಳಿಗೆ ದನದ ಡಾಕ್ಟರಾಗುವ ಆಸೆ ಇತ್ತಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದಳು, ಮತ್ತೆ ಹೇಳಿರಲಿಲ್ಲ.

ಒಪ್ಪಂದ ಇಷ್ಟು. ಮುನ್ನೂರು ಮರಿ. ಶೆಡ್ಡಿನ ನಡುವೆ ಬಲೆ. ಎಡಕ್ಕೆ ಅಂಗಡಿಯ ಫೀಡು, ಬಲಕ್ಕೆ ಹೈಮಾಳ ಫೀಡು. ನಲವತ್ತೆರಡನೇ ದಿನ ತೂಕ. "ಬಲಗಡೆದು ಜಾಸ್ತಿ ಬರೋದು ಬೇಡಮ್ಮಾ. ಸರಿಸಮ ಬಂದ್ರೆ ಸಾಕು," ಅಂದರು ಡಾಕ್ಟರಮ್ಮ. "ಫ್ಯಾಕ್ಟರಿಯೋರ ಹತ್ರ ನಾನೇ ಮಾತಾಡ್ತೀನಿ. ಓಟೆ ಎಲ್ಲ ನಿಮ್ಮ ಸಂಘದ ಹೆಂಗಸರಿಗೇ ಬರೋ ಹಾಗೆ."

ಸಂಘದಲ್ಲಿ ಹನ್ನೊಂದು ಜನ. ಎಲ್ಲರೂ ಸೀಸನ್ನಿನಲ್ಲಿ ಫ್ಯಾಕ್ಟರಿಯಲ್ಲಿ ಹಣ್ಣು ಕತ್ತರಿಸುವವರು. ಬೆರಳ ಸಂದಿ ಸೊನೆ ಸುಟ್ಟು ಕಪ್ಪಾದವರು.

ಡಾಕ್ಟರಮ್ಮನ ಜೀಪು ಹೋದ ಮೇಲೆ ರೆಡ್ಡೆಪ್ಪ ಬಾವ ಬಂದ. ಹೈಮಾಳ ಅಣ್ಣ. ಅವನದು ಕಂಪನಿ ಶೆಡ್ಡು. ಮರಿ ಅವರದು, ಫೀಡು ಅವರದು, ಬೆವರು ಮಾತ್ರ ಇವನದು.

"ಏನ್ ಬಾವಾ, ಕೋಳಿಗೆ ಉಪ್ಪಿನಕಾಯಿ ಹಾಕ್ತಿದ್ದೀರಂತೆ?"

"ಹೌದು ಬಾವಾ. ಕೊಯ್ದ ಮೇಲೆ ಮಸಾಲೆ ಖರ್ಚು ಉಳಿಯುತ್ತೆ."

"ನೀನು ಪ್ರಾಸ ಕಟ್ಟು, ಅವಳು ಲೆಕ್ಕ ಕಟ್ಟಲಿ. ಕೊನೆಗೆ ಶೆಡ್ಡಿಗೆ ಬೀಗ ನಾನೇ ಕಟ್ತೀನಿ" ಎಂದು ಎರಡು ಲೋಟ ಮಜ್ಜಿಗೆ ಕುಡಿದು ಹೋದ. ಕೆಟ್ಟವನಲ್ಲ. ಮಜ್ಜಿಗೆ ಕೊಟ್ಟವರನ್ನು ಬೈಯದೆ ಹೋಗುವ ಅಭ್ಯಾಸ ಇಲ್ಲ, ಅಷ್ಟೇ.


ಜೂನ್ 20, ಗುರುವಾರ

ಮರಿ ಬಂದವು. ಅಂಗೈಯಲ್ಲಿ ಇಟ್ಟರೆ ಹತ್ತಿಯ ಉಂಡೆ, ಒಳಗೊಂದು ಗಡಿಯಾರ. ಹೈಮಾ ಪ್ರತಿಯೊಂದರ ಕೊಕ್ಕನ್ನೂ ನೀರಿಗೆ ಅದ್ದಿ ಬಿಟ್ಟಳು. ಮುನ್ನೂರು ಸಲ ಬಗ್ಗಿದಳು. ಎಣಿಸಿದೆ.


ಜುಲೈ 4, ಗುರುವಾರ. ಮರಿಗೆ ಹದಿನಾಲ್ಕನೇ ದಿನ

ಹತ್ತು ಈ ಕಡೆ, ಹತ್ತು ಆ ಕಡೆ ಹಿಡಿದು ತೂಗಿದೆವು. ತೂಗಿದ್ದು ನಾನು — ವೃತ್ತಿಪರ. ಬಲಗಡೆಯವು ಎಂಟು ಗ್ರಾಂ ಮುಂದೆ. ಹೈಮಾ ನಂಬದೆ ಇನ್ನೊಂದು ಹತ್ತು ಹಿಡಿಸಿದಳು. ಆರು ಗ್ರಾಂ ಮುಂದೆ.

ಎಡಕ್ಕೆ ಜೋಳ, ಬಲಕ್ಕೆ ಓಟೆ,
ನಡುವೆ ಒಂದು ಬಲೆಯ ಕೋಟೆ.

ಹೇಳಿ ತೋರಿಸಿದೆ. "ಇನ್ನೊಂದು ಸಲ ಹೇಳ್ರೀ" ಅಂದಳು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಕೇಳಿದ್ದು ನೆನಪಿಲ್ಲ.

ಮೊದಲ ಸಲದ ಹಿಟ್ಟು ಇನ್ನೊಂದು ವಾರಕ್ಕೆ ಮುಗಿಯುತ್ತದೆ. ಇವತ್ತೇ ಎರಡನೇ ಸಲಕ್ಕೆ ಓಟೆ ಒಡೆದು ನೆನೆಹಾಕಿದ್ದೇವೆ. ಕುಪ್ಪಕ್ಕ ಮಚ್ಚು ಹಿಡಿದು ಕೂತಳು. "ಇದು ನಡೆದ್ರೆ ಮುಂದಿನ ಸೀಸನ್ನಿಗೆ ನಾನು ಸೊನೆ ಮುಟ್ಟಲ್ಲ ಅಮ್ಮಾಯಿ. ಹಿಟ್ಟಿನ ಮಿಷನ್ ಮುಂದೆ ಕೂತ್ಕೊಂಡು ನಿನ್ನ ಗಂಡನ ಹಾಗೆ ಕಾಲ್ ಮೇಲೆ ಕಾಲ್ ಹಾಕ್ಕೋತೀನಿ."

ಸಂಜೆ ಮುಳಬಾಗಿಲಿಂದ ಫೋನು. ಹಳೆಯ ಗೆಳೆಯರು ಕವಿಗೋಷ್ಠಿ ಇಟ್ಟಿದ್ದಾರೆ. ಈ ಭಾನುವಾರ. "ನಿನ್ನ ಹೆಸರು ಕರಪತ್ರದಲ್ಲಿ ಹಾಕ್ಸಿದ್ದೀವಪ್ಪಾ, ತಪ್ಪಿಸ್ಬೇಡ." ನನ್ನ ಹೆಸರು. ಅಚ್ಚಿನಲ್ಲಿ. ಕನ್ನಡದಲ್ಲಿ.


ಜುಲೈ 7, ಭಾನುವಾರ. ಬೆಳಿಗ್ಗೆ 8

ಮೂರನೇ ದಿನ. ಬೀಜ ನೋಡಿದ್ದಾಯಿತು.

"ಹೋಯ್ತಾ?" ಅಂದಳು.

"ಹೋಯ್ತು" ಅಂದೆ.

ಬಸ್ಸು ಒಂಬತ್ತಕ್ಕೆ. ಬಿಳಿ ಅಂಗಿ ಅವಳೇ ಇಸ್ತ್ರಿ ಮಾಡಿಟ್ಟಿದ್ದಾಳೆ.


ಜುಲೈ 8, ಸೋಮವಾರ

ಸಭಿಕರೇ, ಕವಿಗಳು ಹದಿನಾಲ್ಕು, ಕೇಳುಗರು ಒಂಬತ್ತು. ಒಂಬತ್ತರಲ್ಲಿ ಒಬ್ಬ ಶಾಮಿಯಾನದವನು. ಕುರ್ಚಿ ಎಣಿಸಲು ಕಾಯುತ್ತಿದ್ದ. ನನ್ನ ಸರದಿ ಹನ್ನೊಂದನೆಯದು. ಆರು ಚೌಪದಿ ಓದಿದೆ. ಒಬ್ಬರು ನಕ್ಕರು. ಶಾಲು ಹೊದಿಸಿದರು, ಫೋಟೋ ತೆಗೆದು ಶಾಲು ವಾಪಸ್ ತೆಗೆದುಕೊಂಡರು — ಮುಂದಿನವರಿಗೆ ಬೇಕಂತೆ. ವೇದಿಕೆಯ ಮೇಲೆ ಮೂರು ಸಲ ನೀರು ಕುಡಿದೆ. ಬಾಯಿ ಒಣಗುತ್ತಲೇ ಇತ್ತು.

ಮನೆಗೆ ಬಂದಾಗ ಬೀಜವೆಲ್ಲ ಕುದಿಸಿ ಮಾಳಿಗೆಗೆ ಹರವಿ ಆಗಿತ್ತು. ಒಬ್ಬಳೇ ಹೊತ್ತಿದ್ದಾಳೆ. ಶಾಲಿನ ಕಥೆ ಹೇಳಿದೆ. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.


ಜುಲೈ 12, ಶುಕ್ರವಾರ. ಇಪ್ಪತ್ತೆರಡನೇ ದಿನ

ಹೊಸ ಹಿಟ್ಟು ಶುರು. ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಕಾಟಾದಲ್ಲಿ ನಲವತ್ತೊಂದು ಲೋಡು. ಬೇರೆ ವಿಶೇಷ ಇಲ್ಲ.


ಜುಲೈ 19, ಶುಕ್ರವಾರ. ಇಪ್ಪತ್ತೊಂಬತ್ತನೇ ದಿನ

ಬಲಗಡೆ ತಟ್ಟೆಯಲ್ಲಿ ಫೀಡು ಉಳಿಯುತ್ತಿದೆ. ಬರುತ್ತವೆ, ಎರಡು ಕುಕ್ಕು ಕುಕ್ಕುತ್ತವೆ, ಕೊಕ್ಕನ್ನು ನೆಲದ ಹೊಟ್ಟಿಗೆ ಒರೆಸಿಕೊಂಡು ಆಚೆ ಹೋಗುತ್ತವೆ. ಎಡಗಡೆಯವು ತಟ್ಟೆಯನ್ನೇ ತಿನ್ನುವ ಹಾಗಿವೆ.

ಹೈಮಾ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಿಟ್ಟು ಬೆರಳಲ್ಲಿ ತೆಗೆದು ನಾಲಿಗೆಗೆ ಒತ್ತಿಕೊಂಡಳು. ಅಭ್ಯಾಸ ಬಲ. ಆಮೇಲೆ ನೆನಪಾಗಿ ಉಗುಳಿದಳು.

"ರೀ. ಈ ಸಲದ್ದರಲ್ಲಿ ಒಗರು ಏನಾದ್ರೂ ಉಳಿದಿತ್ತಾ?"

"ಇಲ್ಲ."

"ಸರಿಯಾಗಿ ನೆನಪಿದೆಯಾ?"

"ನೋಡೇ ಹೇಳಿದ್ನಲ್ಲೇ."

"ಹಾಗಾದ್ರೆ ನಾನೇ ಎಲ್ಲೋ ತಪ್ಪಿದ್ದೀನಿ" ಎಂದು ನೋಟ್‌ಬುಕ್ ತೆಗೆದಳು. ಪೆನ್ಸಿಲಿನಲ್ಲಿ ಮೊದಲಿಂದ ಕೂಡಿಸತೊಡಗಿದಳು.

ಅವಳು ಕೂಡಿಸುವಷ್ಟು ಹೊತ್ತೂ ನಾನು ಅಲ್ಲೇ ನಿಂತಿದ್ದೆ.


ಜುಲೈ 27, ಶನಿವಾರ

ಪ್ರಾಸ ಬರುತ್ತಿಲ್ಲ. ಓಟೆಗೆ ಕೋಟೆ ಬಿಟ್ಟರೆ ಬೇರೆ ಸಿಗುತ್ತಿಲ್ಲ.

ಬಲೆಯ ಈ ಕಡೆ ನಿಂತರೇ ಗೊತ್ತಾಗುತ್ತದೆ. ತೂಗುವುದು ಬೇಡ. ಎಡಕ್ಕೆ ಕೋಳಿ, ಬಲಕ್ಕೆ ಕೋಳಿಯ ತಮ್ಮಂದಿರು. ರೆಡ್ಡೆಪ್ಪ ಬಾವ ಬಾಗಿಲಲ್ಲಿ ನಿಂತು ನೋಡಿದ. ಮಜ್ಜಿಗೆ ಕೇಳಲಿಲ್ಲ. ಅವನು ಬೈದಿದ್ದರೆ ಚೆನ್ನಾಗಿತ್ತು.

"ಬಲಗಡೆಗೂ ಅಂಗಡಿ ಫೀಡೇ ಹಾಕ್ಬಿಡೋಣ" ಅಂದೆ ಹೈಮಾಗೆ.

"ಹಾಕಿದ್ರೆ ಡಾಕ್ಟರಮ್ಮಂಗೆ ಮೋಸ ಮಾಡಿದ ಹಾಗಾಗಲ್ವಾ?" ಅಂದಳು. "ಏನು ಬರುತ್ತೋ ಬರ್ಲಿ. ಸುಳ್ಳು ತೂಕ ಬೇಡ."


ಆಗಸ್ಟ್ 1, ಗುರುವಾರ. ನಲವತ್ತೆರಡನೇ ದಿನ

ಎಡಗಡೆ, ಒಂದಕ್ಕೆ ಎರಡು ಕೆಜಿ ನೂರೆಂಬತ್ತು.

ಬಲಗಡೆ, ಒಂದು ಕೆಜಿ ಐನೂರ ತೊಂಬತ್ತು.

ತೂಗಿದವನು ನಾನು. ಕೂಗಿ ಹೇಳಿದವನು ನಾನು. ಸಂಘದ ಹನ್ನೊಂದು ಜನವೂ ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಮೊದಲು ಪಿಸುಪಿಸು ಇತ್ತು. ಆಮೇಲೆ ಕೋಳಿ ಸದ್ದು ಮಾತ್ರ.

ಡಾಕ್ಟರಮ್ಮ ಬೇಜಾರಿನಲ್ಲಿ ತಲೆ ಅಲ್ಲಾಡಿಸಿದರು. "ಇಪ್ಪತ್ತು ದಿನ ಅಷ್ಟು ಚೆನ್ನಾಗಿ ಬಂದು ಹೀಗ್ಯಾಕಾಯ್ತು? ಬೀಜ ಎಷ್ಟು ದಿನ ನೆನೆಸಿದ್ರಿ?"

"ಮೊದಲನೇ ಸಲ ನಾಲ್ಕು, ಎರಡನೇ ಸಲ ಮೂರು ದಿನ" ಅಂದಳು ಹೈಮಾ. "ಒಗರು ಹೋಗೋವರೆಗೂ ನೆನೆಸಿದ್ದು, ಮೇಡಂ. ಎರಡು ಸಲವೂ ಇವರೇ ಕಚ್ಚಿ ನೋಡಿದ್ರು."

ಡಾಕ್ಟರಮ್ಮ ನನ್ನನ್ನು ನೋಡಿದರು. ತಲೆ ಆಡಿಸಿದೆ. ಹೌದು ಅಂತ.

"ಹಿಟ್ಟು ಉಳಿದಿದ್ರೆ ಒಂದು ಪೊಟ್ಟಣ ಕೊಡಿ. ತಿರುಪತಿಗೆ ಕಳಿಸಿ ನೋಡಿಸ್ತೀನಿ."

ಉಳಿದಿರಲಿಲ್ಲ. ಉಳಿದಿದ್ದ ಅರ್ಧ ಮೂಟೆ ನಿನ್ನೆ ಸಂಜೆ ಗುಂಡಿಗೆ ಸುರಿದು ಮಣ್ಣು ಎಳೆದಿದ್ದೆ. ಹುಳ ಬಿದ್ದಿತ್ತು ಅಂದೆ.


ಆಗಸ್ಟ್ 3, ಶನಿವಾರ

ಸಂಘದ ಸಭೆ ನಮ್ಮ ಜಗುಲಿಯಲ್ಲೇ. ನಾನು ಒಳಗೆ, ಬಾಗಿಲ ಮರೆ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅವಳೇ ಎದ್ದು ನಿಂತಳು.

"ಲೆಕ್ಕ ನನ್ನದೇ ತಪ್ಪು. ಮರಿಗೆ ಆಗಿ ಬರೋದು ದೊಡ್ಡ ಕೋಳಿಗೆ ಆಗಿ ಬರಲ್ಲ ಅನ್ನೋದು ನನಗೆ ತಿಳಿದಿರಬೇಕಿತ್ತು. ಅರ್ಧ ಓದಿದವಳು ಪೂರ್ತಿ ಓದಿದವಳ ಹಾಗೆ ಆಡಬಾರದಿತ್ತು. ನಿಮ್ಮನ್ನೆಲ್ಲ ಆಸೆಗೆ ಹಚ್ಚಿದೆ. ಕ್ಷಮಿಸಿ ಅಕ್ಕಾ."

ಕುಪ್ಪಕ್ಕ ಅಂದಳು, "ಹೋಗ್ಲಿ ಬಿಡಮ್ಮಾಯಿ. ಸೊನೆಗೂ ನಮಗೂ ಋಣ ಇನ್ನೂ ಇದೆ ಅಂದ್ಕೋತೀವಿ." ನಗಿಸಲೆಂದು ಅಂದದ್ದು. ಯಾರೂ ನಗಲಿಲ್ಲ. ಕುಪ್ಪಕ್ಕ ಹೋಗುವಾಗ ತನ್ನ ಮಚ್ಚು ಎತ್ತಿಕೊಂಡು ಹೋದಳು. ಒಂದು ತಿಂಗಳಿಂದ ಅದು ನಮ್ಮ ಜಗುಲಿಯಲ್ಲೇ ಇತ್ತು.

ಸ್ನಾನಕ್ಕೆ ನೀರು ಕಾಯಿಸುವಾಗ ಹೈಮಾ ನೋಟ್‌ಬುಕ್ ಹರಿದು ಒಂದೊಂದೇ ಹಾಳೆ ಒಲೆಗೆ ಇಟ್ಟಳು. ಕೋಪ ಇರಲಿಲ್ಲ. ಸೌದೆ ಹಸಿಯಾಗಿತ್ತು, ಹೊತ್ತಿಸಲು ಕಾಗದ ಬೇಕಿತ್ತು — ಹಾಗೆ ಇಟ್ಟಳು. ಕೆಂಪು ಗೆರೆ, ನೀಲಿ ಗೆರೆ ಎರಡೂ ಒಂದೇ ಬಣ್ಣದಲ್ಲಿ ಉರಿದವು.

ಆ ನೀರಲ್ಲೇ ನಾನು ಸ್ನಾನ ಮಾಡಿದೆ.


ಆಗಸ್ಟ್ 18, ಭಾನುವಾರ

ಬರೆದು ಹದಿನೈದು ದಿನವಾಯಿತು.

ಹೈಮಾ ಫ್ಯಾಕ್ಟರಿಗೆ ಹೋಗುತ್ತಿದ್ದಾಳೆ. ಹಣ್ಣು ಕತ್ತರಿಸುವ ಸಾಲಿನಲ್ಲಿ, ಕುಪ್ಪಕ್ಕನ ಪಕ್ಕ. ಸೀಸನ್ನಿನ ಕೊನೆಯ ಲೋಡುಗಳು. ಕಾಟಾದ ಕಿಟಕಿಯಿಂದ ಅವಳ ಬೆನ್ನು ಕಾಣುತ್ತದೆ. ನೀಲಿ ಟೋಪಿ, ನೀಲಿ ಕವಚ. ನಲವತ್ತು ಹೆಂಗಸರಲ್ಲಿ ಯಾವುದು ಅವಳ ಬೆನ್ನು ಅಂತ ಗುರುತಿಸಲು ನನಗೆ ಒಂದು ಕ್ಷಣ ಸಾಕು. ಸಂಜೆ ಓಟೆಯ ಟ್ರಾಕ್ಟರು ಕಾಟಾಕ್ಕೆ ಬಂದರೆ ಅವಳು ಆ ಕಡೆ ನೋಡುವುದಿಲ್ಲ.

ಶೆಡ್ಡು ರೆಡ್ಡೆಪ್ಪ ಬಾವನ ಕಂಪನಿಗೆ. ಹಿಟ್ಟಿನ ಮಿಷನ್ನು ದಾಮಲಚೆರುವಿನ ಖಾರದಪುಡಿಯವನಿಗೆ. ಬುಧವಾರ ಬೆಳಿಗ್ಗೆ ಬಂದು ಎತ್ತಿಕೊಂಡು ಹೋಗುತ್ತಾನಂತೆ. ಡಾಕ್ಟರಮ್ಮ ಫೋನು ಮಾಡಿದ್ದರು — ಮುಂದಿನ ಸೀಸನ್ನಿಗೆ ಇನ್ನೊಂದು ಸಲ ಮಾಡಿ ನೋಡೋಣ ಅಂತ. ಹೈಮಾ ನಗುತ್ತಲೇ ಹೇಳಿದಳು, "ಬೇಡ ಮೇಡಂ. ನನಗೆ ಗೊತ್ತಿಲ್ಲದ ವಿಷಯ." ಅವಳ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಮಧ್ಯಾಹ್ನ ರಾಗಿ ಸಂಗಟಿ, ಕಡಲೆಕಾಯಿ ಚಟ್ನಿ. ಒಲೆಯ ಮುಂದಿನಿಂದಲೇ ಕೈ ಚಾಚಿದಳು. ನನ್ನ ಅಂಗೈಗೆ ಒಂದಿಷ್ಟು ಚಟ್ನಿ.

"ಉಪ್ಪು ಸರಿಯಾ?"

ಅಂಗೈ ನೆಕ್ಕಿದೆ.

"ಏನ್ರೀ, ಸರಿಯಾ?"

"ಸರಿ" ಅಂದೆ.

ನಂಬಿದಳು. ತಟ್ಟೆಗೆ ಹಾಕಿದಳು. ಇಬ್ಬರೂ ಉಂಡೆವು. ಉಪ್ಪೇ ಇರಲಿಲ್ಲ.


ಆಗಸ್ಟ್ 20, ಮಂಗಳವಾರ

ಎರಡು ಸಲ ಬಾಯಿ ತೆರೆದೆ. ಮೊದಲ ಸಲ ಕುಪ್ಪಕ್ಕ ಬಂದಳು. ಎರಡನೇ ಸಲ ಯಾರೂ ಬರಲಿಲ್ಲ. ಆದರೂ "ನಾಳೆ ಮಳೆ ಬರಬಹುದು" ಅಂದುಬಿಟ್ಟೆ.

"ಬರ್ಲಿ ಬಿಡಿ. ಮಾಳಿಗೆ ಮೇಲೆ ಏನಿದೆ ನೆನೆಯೋಕೆ" ಅಂದಳು.


ಆಗಸ್ಟ್ 21, ಬುಧವಾರ. ಬೆಳಿಗ್ಗೆ 7

ಸಭಾಧ್ಯಕ್ಷರೇ, ವೇದಿಕೆಯ ಮೇಲಿನ —

ಬೇಡ.

ಅಧ್ಯಕ್ಷರೂ ಇಲ್ಲ, ಸಭೆಯೂ ಇಲ್ಲ. ಯಾರೂ ಓದದ ಪುಸ್ತಕದಲ್ಲೂ ಕಳ್ಳತನ ಮಾಡಿದವನು ನಾನು. ಜುಲೈ ಏಳನೇ ತಾರೀಕಿನ ಪುಟ ತಿರುಗಿಸಿ ನೋಡಿದೆ. "ಬೀಜ ನೋಡಿದ್ದಾಯಿತು" ಎಂದು ಬರೆದಿದ್ದೇನೆ. ನೋಡಿದ್ದು ಏನು ಅಂತ ಬರೆದಿಲ್ಲ.

ಬೀಜ ಕಚ್ಚಿದ್ದೆ. ಒಗರು ನಾಲಿಗೆಯನ್ನು ಹಿಡಿದೆಳೆಯಿತು. ಮೊದಲ ಸಲದ ಮೂರನೇ ದಿನಕ್ಕಿಂತ ಹೆಚ್ಚೇ ಇತ್ತು. ಇದೆ ಅಂದಿದ್ದರೆ ಹತ್ತು ಗಂಟೆಗೆ ಡ್ರಮ್ಮು ಬಗ್ಗಿಸಬೇಕಿತ್ತು. ಒಂಬತ್ತರ ಬಸ್ಸು ತಪ್ಪುತ್ತಿತ್ತು. ಒಂಬತ್ತು ಜನ ಕೇಳುಗರಿಗೆ ಆರು ಚೌಪದಿ ಓದಲು. ಮುಳಬಾಗಿಲು ತಲುಪುವವರೆಗೂ ಬಾಯಲ್ಲಿ ಆ ಒಗರು ಇತ್ತು.

ಹೊರಗೆ ಖಾರದಪುಡಿಯವನ ಆಟೋ ನಿಂತಿದೆ. ರೆಡ್ಡೆಪ್ಪ ಬಾವ ಮಿಷನ್ನಿಗೆ ಹಗ್ಗ ಸುತ್ತುತ್ತಿದ್ದಾನೆ. "ಬಾವಾ, ಒಂದು ಕೈ ಕೊಡು ಬಾ" ಎಂದು ಎರಡು ಸಲ ಕೂಗಿದ. ಹೈಮಾ ಒಂದು ಬಟ್ಟೆ ತೆಗೆದುಕೊಂಡು ಮಿಷನ್ನಿನ ಬಾಯಿ ಒರೆಸುತ್ತಿದ್ದಾಳೆ. ಒಳಗೆ ಇನ್ನೂ ಓಟೆ ಹಿಟ್ಟು ಅಂಟಿದೆ. ಖಾರದಪುಡಿಗೆ ಬೆರೆಯಬಾರದಲ್ಲ.

ಬಾಯಲ್ಲಿ ಹೇಳಲಾರೆ. ಈ ಬಾಯಿಂದ ಬಂದದ್ದನ್ನು ಅವಳು ಮತ್ತೆ ನಂಬಬಾರದು ಕೂಡ. ಅದಕ್ಕೆ ಕೆಳಗೆ ದೊಡ್ಡದಾಗಿ ಬರೆಯುತ್ತೇನೆ, ಬಸ್ಸಿನ ಬೋರ್ಡಿನ ಹಾಗೆ, ಬಿಡಿಬಿಡಿಯಾಗಿ. ಬರೆದು, ತೆರೆದ ಪುಟವನ್ನೇ ಅವಳ ಕೈಗೆ ಕೊಡುತ್ತೇನೆ. ಅಕ್ಷರ ಕೂಡಿಸುತ್ತಾಳೆ. ಎಷ್ಟು ಹೊತ್ತಾದರೂ ನಿಂತಿರುತ್ತೇನೆ.

ಹೈಮಾ. ನಿನ್ನ ಲೆಕ್ಕ ಸರಿ ಇತ್ತು. ಬೀಜದಲ್ಲಿ ಒಗರು ಇತ್ತು. ನನಗೆ ಗೊತ್ತಿತ್ತು.